ಎದೆಗೆ ಬಡಿಯುವ ಗಾಳಿ: ಕೊರೊನಾ ನಂತರದ ರಾಕ್ ಶೋ, ಓದುಗರ ಪ್ರಶ್ನೆಗಳು

ಲೈವ್ ಸಂಗೀತದ ಬಗ್ಗೆ ಪ್ರಶ್ನೆ ಕಳಿಸಿ ಎಂದು ಕಳೆದ ಸಂಚಿಕೆಯಲ್ಲಿ ಕೇಳಿದ್ದೆವು. ಮುಂಬಯಿ, ಪುಣೆ, ಗೋವಾದ ಕನ್ನಡಿಗರಿಂದ ಬಂದ ಪತ್ರಗಳಲ್ಲಿ ಏಳನ್ನು ಇಲ್ಲಿ ಆಯ್ದಿದ್ದೇವೆ. ಉತ್ತರ ಬರೆದವರು ಧ್ವನಿ ವ್ಯವಸ್ಥೆ, ಶ್ರವಣ ಪರೀಕ್ಷೆ ಮತ್ತು ವಾದ್ಯ ರಿಪೇರಿಯಲ್ಲಿ ಪಳಗಿದವರು.

ಮುಲುಂಡ್‌ನಿಂದ: ಮೂವತ್ತು ವರ್ಷದಿಂದ ರಾಕ್ ಹುಚ್ಚು. ಧೋಬಿ ತಲಾವ್ ಹತ್ತಿರದ ಬಯಲು ರಂಗಮಂದಿರ ರಂಗಭವನದಲ್ಲಿ ನಡೆಯುತ್ತಿದ್ದ ಉತ್ಸವ ಇಂಡಿಪೆಂಡೆನ್ಸ್ ರಾಕ್‌ನಿಂದ ಹಿಡಿದು 2019ರ ಡಿಸೆಂಬರ್ 15ರಂದು ಡಿ.ವೈ. ಪಾಟೀಲ್ ಕ್ರೀಡಾಂಗಣದಲ್ಲಿ ನಡೆದ ಯು2 ಬ್ಯಾಂಡಿನ ಶೋ ತನಕ ನಾನು ತಪ್ಪಿಸಿಕೊಂಡದ್ದು ಕಡಿಮೆ. ಅದಾದ ಮೂರೇ ತಿಂಗಳಿಗೆ ಎಲ್ಲಕ್ಕೂ ಬೀಗ ಬಿತ್ತು. ಲಾಕ್‌ಡೌನ್‌ನಲ್ಲಿ ದುಡ್ಡು ಕೊಟ್ಟು ಆನ್‌ಲೈನ್ ಶೋಗಳನ್ನು ನೋಡಿದೆ. ಅದೇ ಬ್ಯಾಂಡು, ಅದೇ ಹಾಡು, ಆದರೆ ಒಂದು ರೋಮವೂ ನಿಮಿರಲಿಲ್ಲ. ನನಗೆ ವಯಸ್ಸಾಯಿತೋ, ಬೇರೆ ಕಾರಣವಿದೆಯೋ? ಮನೆಯಲ್ಲಿ ಅದನ್ನು ಸುಧಾರಿಸಲು ಸಾಧ್ಯವೇ?

ವಯಸ್ಸಿನ ಮೇಲೆ ತಪ್ಪು ಹೊರಿಸಬೇಡಿ, ಮೊದಲು ಸ್ಪೀಕರ್ ನೋಡಿ. ಬಾಸ್ ಗಿಟಾರಿನ ಅತಿ ದಪ್ಪದ ತಂತಿ ಸೆಕೆಂಡಿಗೆ 41 ಸಲ, ಅಂದರೆ 41 ಹರ್ಟ್ಸ್, ಕಂಪಿಸುತ್ತದೆ. ಕಿಕ್ ಡ್ರಮ್ಮಿನ ಗುದ್ದು 50ರಿಂದ 80 ಹರ್ಟ್ಸ್ ಆಸುಪಾಸಿನದು. ಫೋನಿನ ಸ್ಪೀಕರ್ 200 ಹರ್ಟ್ಸ್‌ಗಿಂತ ಕೆಳಗೆ ಹೆಚ್ಚುಕಡಿಮೆ ಮೂಕ. ಹಾಗಿದ್ದೂ ಬಾಸ್ ಕೇಳಿಸಿದಂತಾಗುವುದೇಕೆಂದರೆ, ಅದೇ ಸ್ವರದ ಮೇಲಿನ ಕಂಪನಗಳನ್ನು ಹಿಡಿದು ಮಿದುಳು ಕೆಳಗಿನದನ್ನು ಊಹಿಸಿಕೊಳ್ಳುತ್ತದೆ. ಊಹೆಯಿಂದ ಹಾಡಿನ ಗುರುತು ಸಿಕ್ಕೀತು, ಪಕ್ಕೆಲುಬು ನಡುಗದು. ಮೈದಾನದಲ್ಲಿ 18 ಇಂಚಿನ ಸ್ಪೀಕರ್ ಕೋನ್‌ಗಳ ಸಾಲು ಗಾಳಿಯನ್ನು ಹಿಂದೆ ಮುಂದೆ ತಳ್ಳುತ್ತಿರುತ್ತದೆ. ಅಂಗಿ ಅಲುಗಾಡುವುದು, ಕೈಯಲ್ಲಿನ ಪ್ಲಾಸ್ಟಿಕ್ ಲೋಟ ಗುಂಯ್‌ಗುಡುವುದು ಆ ಗಾಳಿಯಿಂದಲೇ. ನಿಮಗೆ ಕೊರತೆಯಾದದ್ದು ಅದು.

ಇನ್ನೊಂದು, ಜನರ ದನಿ. ಶೋದಲ್ಲಿ ಅದು ಬೆನ್ನ ಹಿಂದಿನಿಂದ, ಎರಡೂ ಪಕ್ಕಗಳಿಂದ ಬರುತ್ತದೆ. ಆನ್‌ಲೈನಿನಲ್ಲಿ ಎಲ್ಲವೂ ಎದುರಿನ ಎರಡು ಚಾನಲ್ಲಿಗೆ ಅಮುಕಿದ್ದು, ಅದೂ ಪ್ರೇಕ್ಷಕರೇ ಇಲ್ಲದ ಸ್ಟುಡಿಯೋದಲ್ಲಿ ಮಾಡಿದ್ದಾದರೆ ಹಾಡು ಮುಗಿದ ಮೇಲೆ ಬರೀ ಮೌನ. ಜೊತೆಗೆ ಪ್ರಸಾರಕ್ಕಾಗಿ ಸಣ್ಣ ಸದ್ದನ್ನು ಏರಿಸಿ ದೊಡ್ಡದನ್ನು ತಗ್ಗಿಸಿರುತ್ತಾರೆ. ಪಿಸುಮಾತಿನ ಆರಂಭದಿಂದ ಸಿಡಿಲಿನಂಥ ಕೋರಸ್‌ಗೆ ಏರುವ ಹಾಡು ಉದ್ದಕ್ಕೂ ಒಂದೇ ಎತ್ತರದಲ್ಲಿ ಓಡುತ್ತದೆ.

ಮನೆಯಲ್ಲಿ ಸುಧಾರಿಸಬಹುದು, ಒಂದು ಮಿತಿಯವರೆಗೆ. ಟಿವಿಯ ಸದ್ದನ್ನು, ಬಾಸ್‌ಗೆಂದೇ ಇರುವ ಪೆಟ್ಟಿಗೆಯಾದ ಸಬ್‌ವೂಫರ್ ಇರುವ ಸ್ಪೀಕರಿಗೆ ಕೊಡಿ. ಆಮೇಲೆ ಕಾಡುವುದು ಮುಂಬಯಿ ಕೋಣೆಯ ಅಳತೆ. 41 ಹರ್ಟ್ಸ್‌ನ ಒಂದು ಅಲೆ ಎಂಟು ಮೀಟರಿಗೂ ಉದ್ದ, ನಿಮ್ಮ 10ಕ್ಕೆ 12 ಅಡಿಯ ಕೋಣೆ ಅದರ ಅರ್ಧಕ್ಕೂ ಸಾಲದು. ಇಂಥ ಕೋಣೆಯಲ್ಲಿ 48 ಮತ್ತು 57 ಹರ್ಟ್ಸ್ ಹತ್ತಿರ ಗೋಡೆಗಳ ನಡುವೆ ಸದ್ದು ನಿಂತುಬಿಡುತ್ತದೆ. ಆ ಸ್ವರಗಳು ಗೋಡೆ ಪಕ್ಕದಲ್ಲಿ ಢಮ್ಮೆನ್ನುತ್ತವೆ, ನಟ್ಟನಡುವೆ ಮಾಯವಾಗುತ್ತವೆ. ಹಾಗಾಗಿ ಕುರ್ಚಿಯನ್ನು ಕೋಣೆಯ ನಡುವೆ ಹಾಕಬೇಡಿ, ಹಿಂಗೋಡೆಯಿಂದ ಮೂರನೇ ಒಂದು ಭಾಗ ಮುಂದಕ್ಕೆ ಇರಲಿ. ಸಬ್‌ವೂಫರಿಗೆ ಜಾಗ ಹುಡುಕುವ ಉಪಾಯ ತಲೆಕೆಳಗಾದದ್ದು. ಅದನ್ನು ನಿಮ್ಮ ಕುರ್ಚಿಯ ಮೇಲಿಟ್ಟು, ಏರಿಳಿಯುವ ಬಾಸ್ ಇರುವ ಹಾಡು ಹಾಕಿ, ನೀವು ಗೋಡೆಯುದ್ದಕ್ಕೂ ಮೊಣಕಾಲೂರಿ ಹರಿದಾಡಿ. ಎಲ್ಲಿ ಎಲ್ಲ ಸ್ವರವೂ ಸಮನಾಗಿ ಕೇಳುತ್ತದೋ ಪೆಟ್ಟಿಗೆಯ ಜಾಗ ಅದೇ. ಮನೆಯವರು ನಗುತ್ತಾರೆ, ನಗಲಿ.

ಕೆಳಗಿನ ಮನೆಯವರಿಗಾಗಿ ಎರಡು ಇಂಚು ಗಟ್ಟಿ ಫೋಮ್, ಅದರ ಮೇಲೊಂದು ಕಡಪ ಕಲ್ಲಿನ ತುಂಡು, ಅದರ ಮೇಲೆ ಸಬ್‌ವೂಫರ್ ಇಡಿ. ಸ್ಲ್ಯಾಬಿಗೆ ನೇರವಾಗಿ ಇಳಿಯುವ ನಡುಕ ಇದರಿಂದ ತಗ್ಗುತ್ತದೆ. ಗಾಳಿಯಲ್ಲಿ ಹೋಗುವ ಬಾಸ್ ತಗ್ಗುವುದಿಲ್ಲ, ಅದಕ್ಕೆ ರಾತ್ರಿ ಹೊತ್ತು ಹೆಡ್‌ಫೋನೇ ಗತಿ. ಹೆಡ್‌ಫೋನ್ ಕಿವಿಗೆ ಬಾಸ್ ಕೊಡುತ್ತದೆ, ಎದೆಗೆ ಕೊಡುವುದಿಲ್ಲ.

ಅಂಧೇರಿಯಿಂದ: ಮನೆಯಲ್ಲಿ 78ರ ಅತ್ತೆಯಿದ್ದಾರೆ, ಉಬ್ಬಸ. ನನ್ನ ಯಜಮಾನರಿಗೆ ಸಣ್ಣ ಪಬ್‌ಗಳಲ್ಲಿನ ಗಿಗ್ ಎಂದರೆ ಪ್ರಾಣ. ಮೈದಾನದ ದೊಡ್ಡ ಶೋಗಿಂತ ಇದು ಕಡಿಮೆ ಜನರದ್ದು, ಹಾಗಾಗಿ ಕೊರೊನಾ ಅಪಾಯ ಕಡಿಮೆ ಎನ್ನುತ್ತಾರೆ. ಸರಿಯೇ? ಈಗಲೂ ಮಾಸ್ಕ್ ಬೇಕೇ?

ನಿಮ್ಮ ಯಜಮಾನರ ಲೆಕ್ಕ ತಿರುಗುಮುರುಗು. ಎಷ್ಟು ಜನ ಎನ್ನುವುದಕ್ಕಿಂತ ಆ ಜನ ಉಸಿರಾಡಿದ ಗಾಳಿ ಎಲ್ಲಿಗೆ ಹೋಗುತ್ತದೆ ಎನ್ನುವುದು ಮುಖ್ಯ. 2020ರ ಮಾರ್ಚ್ 10ರಂದು ಅಮೆರಿಕದ ವಾಷಿಂಗ್ಟನ್ ರಾಜ್ಯದ ಸ್ಕ್ಯಾಜಿಟ್ ಎಂಬಲ್ಲಿ ಒಂದು ಗಾಯನವೃಂದ ಎರಡೂವರೆ ಗಂಟೆ ತಾಲೀಮು ಮಾಡಿತು. ಬಂದವರು 61 ಜನ. ಅವರಲ್ಲಿ 53 ಮಂದಿಗೆ ಸೋಂಕು ಖಚಿತವಾಯಿತು ಇಲ್ಲವೇ ಬಂದಿರಬಹುದೆಂದು ಲೆಕ್ಕಕ್ಕೆ ಸೇರಿತು, ಇಬ್ಬರು ತೀರಿಕೊಂಡರು. ಅದೇ ವರ್ಷ ಬ್ರಿಸ್ಟಲ್ ವಿಶ್ವವಿದ್ಯಾಲಯದವರೂ ಇದ್ದ ಬ್ರಿಟನ್ನಿನ ತಂಡವೊಂದು ಹಾಡುವವರ ಬಾಯಿಂದ ಹೊರಡುವ ಕಣಗಳನ್ನು ಅಳೆಯಿತು. ಮಾತೋ ಹಾಡೋ ಎಂಬುದರಿಂದ ಅಷ್ಟೇನೂ ವ್ಯತ್ಯಾಸವಾಗಲಿಲ್ಲ, ಆದರೆ ಮೆಲುದನಿಯಿಂದ ಗಟ್ಟಿದನಿಗೆ ಏರಿದಾಗ ಕಣಗಳ ಪ್ರಮಾಣ 20ರಿಂದ 30 ಪಟ್ಟು ಹೆಚ್ಚಿತು. ರಾಕ್ ಶೋದಲ್ಲಿ ಮೆಲುದನಿಯಲ್ಲಿ ಹಾಡುವವರು ಯಾರು? ಪಕ್ಕದವರಿಗೆ ಇನ್ನೊಂದು ಬಿಯರ್ ಬೇಕೇ ಎಂದು ಕೇಳುವುದಕ್ಕೂ ಕಿರುಚಬೇಕು.

ಪಬ್ಬಿನ ಲೆಕ್ಕ ಹಾಕೋಣ. 10 ಮೀಟರ್ ಉದ್ದ, 8 ಮೀಟರ್ ಅಗಲ, ಮೂರೂವರೆ ಮೀಟರ್ ಎತ್ತರದ ಹಾಲ್ ಎಂದರೆ 280 ಘನ ಮೀಟರ್ ಗಾಳಿ. ಸುಮ್ಮನೆ ನಿಂತವರೊಬ್ಬರು ಗಂಟೆಗೆ ಸುಮಾರು 20 ಲೀಟರ್ ಕಾರ್ಬನ್ ಡೈಆಕ್ಸೈಡ್ ಬಿಡುತ್ತಾರೆ, ಕುಣಿದರೆ ಇನ್ನೂ ಹೆಚ್ಚು. ನೂರು ಜನರಿಂದ ಗಂಟೆಗೆ 2 ಘನ ಮೀಟರ್. ಹೊಸ ಗಾಳಿ ಬಾರದಿದ್ದರೆ ಅದರ ಅಳತೆ (ಪಿಪಿಎಂ, ಅಂದರೆ ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ಎಷ್ಟು ಪಾಲು) ನಿಮಿಷಕ್ಕೆ 120 ಪಿಪಿಎಂನಂತೆ ಏರುತ್ತದೆ. ಹೊರಗಿನ 420ರಿಂದ ಶುರುವಾಗಿ 1500 ಮುಟ್ಟಲು ಒಂಬತ್ತು ನಿಮಿಷ ಸಾಕು, ಅಂದರೆ ಎರಡನೇ ಹಾಡು ಮುಗಿಯುವಷ್ಟರಲ್ಲಿ. ಆ ಅನಿಲ ಅಷ್ಟು ಪ್ರಮಾಣದಲ್ಲಿ ವಿಷವೇನಲ್ಲ. ಒಬ್ಬರು ಬಿಟ್ಟ ಉಸಿರನ್ನು ಇನ್ನೊಬ್ಬರು ಎಷ್ಟು ಎಳೆದುಕೊಳ್ಳುತ್ತಿದ್ದಾರೆ ಎಂಬುದಕ್ಕೆ ಅದು ಗುರುತು.

ಇಲ್ಲಿ ಹೆಚ್ಚಿನವರು ಮೋಸಹೋಗುವುದು ಏಸಿಯ ತಂಪಿಗೆ. ಗೋಡೆಗೆ ಹಾಕಿದ ಸ್ಪ್ಲಿಟ್ ಏಸಿ ಹೊರಗಿನ ಗಾಳಿಯನ್ನು ಒಂದು ಹನಿಯೂ ತರುವುದಿಲ್ಲ. ಒಳಗಿನದನ್ನೇ ತಂಪು ಮಾಡಿ ಮತ್ತೆ ಮತ್ತೆ ಊದುತ್ತದೆ. ತಂಪಾಗಿದೆ ಎಂದರೆ ಹೊಸ ಗಾಳಿಯಿದೆ ಎಂದಲ್ಲ. ಪಬ್ಬಿಗೆ ಹೋದಾಗ ತಲೆಯೆತ್ತಿ ನೋಡಿ: ಹೊರಕ್ಕೆ ಎಳೆಯುವ ಫ್ಯಾನ್ ಓಡುತ್ತಿದೆಯೇ, ಒಳಕ್ಕೆ ಗಾಳಿ ಬರಲು ದಾರಿಯಿದೆಯೇ. ಬಾಗಿಲನ್ನು ಸ್ವಲ್ಪ ತೆರೆದಾಗ ಗಾಳಿ ಒಳಕ್ಕೆ ನುಗ್ಗಿದರೆ ಎಕ್ಸಾಸ್ಟ್ ಕೆಲಸ ಮಾಡುತ್ತಿದೆ ಎಂದರ್ಥ. ಕಿಸೆಯಲ್ಲಿಡುವ ಕಾರ್ಬನ್ ಡೈಆಕ್ಸೈಡ್ ಮೀಟರ್ ಕೊಳ್ಳುವುದಾದರೆ, ಇನ್‌ಫ್ರಾರೆಡ್ ಕಿರಣದಿಂದ ಅಳೆಯುವ ಎನ್‌ಡಿಐಆರ್ ಸೆನ್ಸರ್ ಎಂದು ಬರೆದಿರುವುದನ್ನೇ ಕೊಳ್ಳಿ. ಅಗ್ಗದ ಕೆಲವು ಮೀಟರ್‌ಗಳು ಬೇರೆ ಆವಿಗಳನ್ನು ಅಳೆದು ಕಾರ್ಬನ್ ಡೈಆಕ್ಸೈಡಿನ ಅಂಕಿ ಕಟ್ಟಿ ತೋರಿಸುತ್ತವೆ, ಸ್ಯಾನಿಟೈಸರ್ ಬಾಟಲಿ ಹತ್ತಿರ ಹಿಡಿದರೆ ಅಂಕಿ ಹಾರುತ್ತದೆ. 800ರ ಒಳಗಿದ್ದರೆ ಚೆನ್ನ. ಒಬ್ಬೊಬ್ಬರಿಗೆ ಸೆಕೆಂಡಿಗೆ 10 ಲೀಟರ್ ಹೊಸ ಗಾಳಿ ಸಿಗುವಲ್ಲಿ ಅಂಕಿ 1000ದ ಹತ್ತಿರ ನಿಲ್ಲುತ್ತದೆ. 1500 ದಾಟಿದರೆ ಹೊರಗೆ ಬನ್ನಿ, ಇಲ್ಲವೇ ಮಾಸ್ಕ್ ಹಾಕಿ.

ಮಾಸ್ಕ್ ಎಂದರೆ ಎನ್95, ತಲೆಯ ಹಿಂದಕ್ಕೆ ಎರಡು ಪಟ್ಟಿ ಬರುವಂಥದು. ಕಿವಿಗೆ ಸಿಕ್ಕಿಸುವವು ಕೆನ್ನೆಯ ಪಕ್ಕ ಸಡಿಲವಾಗುವುದೇ ಹೆಚ್ಚು. ಕನ್ನಡಕ ಮಸುಕಾದರೆ ಮೂಗಿನ ಬಳಿ ಸೋರುತ್ತಿದೆ ಎಂದು ತಿಳಿಯಿರಿ. ಗಡ್ಡವಿದ್ದರೆ ಸೋರಿಕೆ ತಪ್ಪಿದ್ದಲ್ಲ. ಒಳಾಂಗಣ ಶೋಗಳೆಲ್ಲ ಹಾಳು ಎಂದೇನಲ್ಲ. 2021ರ ಮಾರ್ಚ್ 27ರಂದು ಬಾರ್ಸಿಲೋನಾದ ಪಲಾವ್ ಸಾಂಟ್ ಜೋರ್ಡಿಯಲ್ಲಿ ಸುಮಾರು 5000 ಜನರ ರಾಕ್ ಶೋ ನಡೆಯಿತು. ಅದೇ ದಿನ ಪರೀಕ್ಷೆ, ಎಲ್ಲರಿಗೂ ಎನ್95ಗೆ ಹೆಚ್ಚುಕಡಿಮೆ ಸಮನಾದ ಎಫ್‌ಎಫ್‌ಪಿ2 ಮಾಸ್ಕ್, ಜೋರಾಗಿ ಗಾಳಿಯಾಡಿಕೆ. ಮುಂದಿನ ಎರಡು ವಾರದಲ್ಲಿ ಸೋಂಕು ಕಂಡದ್ದು ಆರು ಮಂದಿಯಲ್ಲಿ, ಅವರಲ್ಲಿ ನಾಲ್ವರಿಗೆ ಅದು ತಗುಲಿದ್ದು ಬೇರೆಡೆ. ಮೂರೂ ಒಟ್ಟಿಗಿದ್ದದ್ದರಿಂದ ಆ ಫಲ ಬಂತು, ಒಂದನ್ನು ಕಿತ್ತುಹಾಕಿ ಅದನ್ನೇ ಉದಾಹರಣೆ ಕೊಡಬಾರದು.

ಮಹಾಲಕ್ಷ್ಮಿ ರೇಸ್‌ಕೋರ್ಸಿನಂಥ ಬಯಲಿನಲ್ಲಿ ಕಡಲಗಾಳಿ ಇರುತ್ತದೆ. ಅಲ್ಲಿಗಿಂತ ಶೋ ಮುಗಿದ ಮೇಲೆ ಕಿಟಕಿ ಮುಚ್ಚಿದ ಕ್ಯಾಬಿನಲ್ಲಿ ಐದು ಜನ ಗಂಟಲು ಹರಿಯುವಂತೆ ಹಾಡುತ್ತ ಬರುವುದೇ ಹೆಚ್ಚು ಚಿಂತೆಯ ವಿಷಯ. ಮಾಸ್ಕ್ ಅಲ್ಲಿ ಹಾಕಲಿ, ಕಿಟಕಿ ಎರಡಿಂಚು ಇಳಿಸಲಿ. ಶೋ ನಂತರದ ಐದಾರು ದಿನ ಅತ್ತೆಯವರ ಕೋಣೆಯಲ್ಲಿ ಬಹಳ ಹೊತ್ತು ಕೂರದಿರಲಿ. ಗಂಟಲು ಕೆರೆದರೆ ಮೊದಲ ದಿನದ ಕಿಟ್ ಪರೀಕ್ಷೆ ನೆಗೆಟಿವ್ ಬಂತೆಂದು ನಂಬದೆ ಎರಡು ದಿನ ಬಿಟ್ಟು ಮತ್ತೆ ಮಾಡಿ. ಅತ್ತೆಯವರ ಲಸಿಕೆಯ ವಿಚಾರ ಅವರ ಉಬ್ಬಸದ ವೈದ್ಯರ ಹತ್ತಿರವೇ ಕೇಳಿ.

ಧೋಬಿ ತಲಾವ್ ಹತ್ತಿರ ಕೆಲಸ ಮಾಡುವವರಿಂದ: ರಂಗಭವನದಲ್ಲಿ ಈಗ ಯಾಕೆ ರಾಕ್ ಶೋ ಇಲ್ಲ? ಕೊರೊನಾದಿಂದ ನಿಂತದ್ದೇ?

ಅಲ್ಲ, ಅದಕ್ಕೂ ಬಹಳ ಹಿಂದೆಯೇ ನಿಂತಿತು. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ಆಸ್ಪತ್ರೆ, ಶಾಲಾ ಕಾಲೇಜು, ನ್ಯಾಯಾಲಯಗಳ ಸುತ್ತ 100 ಮೀಟರ್ ಮೌನ ವಲಯವಾಯಿತು. ಅಲ್ಲಿ ಹಗಲಿನ ಮಿತಿ 50 ಡೆಸಿಬಲ್, ರಾತ್ರಿ 40. ರಂಗಭವನದ ಸುತ್ತ ಕಾಲೇಜೂ ಇದೆ, ಆಸ್ಪತ್ರೆಗಳೂ ಇವೆ. 50 ಡೆಸಿಬಲ್‌ನಲ್ಲಿ ರಾಕ್ ಹಾಗಿರಲಿ, ಜನ ಚಪ್ಪಾಳೆ ತಟ್ಟುವುದೂ ಕಷ್ಟ. 1986ರಲ್ಲಿ ಶುರುವಾದ ಇಂಡಿಪೆಂಡೆನ್ಸ್ ರಾಕ್ 2022ರ ನವೆಂಬರಿನಲ್ಲಿ ಮರಳಿ ಬಂದದ್ದೂ ಮಜಗಾಂವ್‌ನ ಬೇವ್ಯೂ ಲಾನ್ಸ್‌ನಲ್ಲಿ. ದೊಡ್ಡ ಶೋಗಳು ರಾತ್ರಿ ಹತ್ತಕ್ಕೆ ಮುಗಿಯುವುದಕ್ಕೂ ಅದೇ ನಿಯಮ ಕಾರಣ. ವರ್ಷಕ್ಕೆ ಹೆಚ್ಚೆಂದರೆ 15 ದಿನ ಮಾತ್ರ ಸರ್ಕಾರ ಮಧ್ಯರಾತ್ರಿವರೆಗೆ ಬಿಡಬಹುದು. ಅಷ್ಟು ದಿನಗಳನ್ನೂ ಹಬ್ಬಗಳೇ ನುಂಗುತ್ತವೆ.

ಡೊಂಬಿವಲಿಯಿಂದ: ಮಗಳಿಗೆ 19. ಎರಡು ವರ್ಷ ಮನೆಯಲ್ಲಿದ್ದು ಆಮೇಲೆ ಶೋಗಳಿಗೆ ಹೋಗತೊಡಗಿದಾಗಿನಿಂದ ಪ್ರತಿ ಸಲ ಕಿವಿಯಲ್ಲಿ ಕುಂಯ್ ಎನ್ನುತ್ತದಂತೆ, ಮರುದಿನ ಸರಿಹೋಗುತ್ತದಂತೆ. ಮೌನದಲ್ಲಿ ಇದ್ದೂ ಇದ್ದೂ ಕಿವಿ ನಾಜೂಕಾಯಿತೇ? ಹತ್ತಿ ಇಟ್ಟು ಕಳಿಸುತ್ತಿದ್ದೇನೆ.

ಕಿವಿ ನಾಜೂಕಾಗಿಲ್ಲ. ರೂಢಿ ತಪ್ಪಿದ್ದರಿಂದ ಸದ್ದು ಹೆಚ್ಚೆನಿಸುತ್ತದೆ, ಅಷ್ಟೇ. ಹಿಂದೆಯೂ ಅಷ್ಟೇ ಪೆಟ್ಟು ಬೀಳುತ್ತಿತ್ತು. ಒಂದೊಂದು ಕಿವಿಯೊಳಗೂ ಸುಮಾರು 15,000 ಸೂಕ್ಷ್ಮ ರೋಮಕೋಶಗಳಿವೆ, ಸತ್ತದ್ದು ಮತ್ತೆ ಹುಟ್ಟುವುದಿಲ್ಲ. ಮರುದಿನ ಕುಂಯ್ ನಿಂತಿತೆಂದರೆ ಎಲ್ಲವೂ ಮೊದಲಿನಂತಾಯಿತು ಎಂದಲ್ಲ.

ಕೆಲಸಗಾರರ ಆರೋಗ್ಯ ನೋಡುವ ಅಮೆರಿಕದ ನಿಯೋಷ್ ಸಂಸ್ಥೆಯ ಲೆಕ್ಕ ಬಾಯಿಪಾಠ ಮಾಡಲು ಸುಲಭ. 85 ಡೆಸಿಬಲ್ ಆದರೆ ದಿನಕ್ಕೆ ಎಂಟು ಗಂಟೆ. ಆಮೇಲೆ ಪ್ರತಿ 3 ಡೆಸಿಬಲಿಗೆ ಹೊತ್ತು ಅರ್ಧ. 94ಕ್ಕೆ ಒಂದು ಗಂಟೆ, 100ಕ್ಕೆ ಕಾಲು ಗಂಟೆ, 103ಕ್ಕೆ ಏಳೂವರೆ ನಿಮಿಷ. ರಾಕ್ ಶೋದಲ್ಲಿ 100 ಮುಟ್ಟುವುದು ಮಾಮೂಲು. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಇಂಥ ಜಾಗಗಳಿಗೆ ಇಟ್ಟ ಮೇಲ್ಮಿತಿಯೂ 15 ನಿಮಿಷದ ಸರಾಸರಿ 100 ಡೆಸಿಬಲ್. ಅದೊಂದು ರಾಜಿ, ಎರಡು ಗಂಟೆಯ ಶೋಗೆ ಅದೂ ಹೆಚ್ಚೇ.

ಹತ್ತಿಯನ್ನು ಇಂದೇ ಬಿಸಾಡಿ. ಅದು ತಡೆಯುವುದು ಕೆಲವೇ ಡೆಸಿಬಲ್, ಕೊಡುವುದು ಸುಳ್ಳು ಧೈರ್ಯ. ಫೋಮಿನ ಇಯರ್‌ಪ್ಲಗ್ ಸಾಕು, ಆದರೆ ಹಾಕುವ ಕ್ರಮ ಕಲಿಯಬೇಕು. ಹೆಚ್ಚಿನವರು ಅದನ್ನು ಬಾಟಲಿಗೆ ಬೂಚು ಒತ್ತಿದಂತೆ ಒತ್ತುತ್ತಾರೆ. ಕೈ ತೊಳೆದುಕೊಂಡು ಪ್ಲಗ್ಗನ್ನು ಬೆರಳುಗಳ ನಡುವೆ ಹೊಸೆದು, ಹೂಬತ್ತಿಯ ತುದಿಯಷ್ಟು ತೆಳ್ಳಗೆ, ಸುಕ್ಕಿಲ್ಲದಂತೆ ಮಾಡಿ. ಬಲಗಿವಿಗೆ ಹಾಕುವಾಗ ಎಡಗೈಯನ್ನು ತಲೆಯ ಮೇಲಿಂದ ತಂದು ಕಿವಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆಯಿರಿ. ಬಾಗಿರುವ ನಾಳ ಆಗ ನೇರವಾಗುತ್ತದೆ. ತೂರಿಸಿ, ಬೆರಳ ತುದಿಯಿಂದ 30 ಸೆಕೆಂಡ್ ಹಿಡಿದಿಡಿ, ಉಬ್ಬಿಕೊಳ್ಳಲು ಬಿಡಿ. ಸರಿಯಾಗಿ ಕೂತಿದೆ ಎಂದು ತಿಳಿಯಲು ಎರಡು ಅಂಗೈಗಳಿಂದ ಕಿವಿ ಮುಚ್ಚಿ ನೋಡಿ. ಮುಚ್ಚಿದಾಗ ಸದ್ದು ಇನ್ನೂ ಬಹಳ ಇಳಿದರೆ ಪ್ಲಗ್ ಕೂತಿಲ್ಲ. ಕನ್ನಡಿಯಲ್ಲಿ ಎದುರಿನಿಂದ ಅರ್ಧ ಪ್ಲಗ್ ಕಂಡರೂ ಹಾಗೆಯೇ.

ಡಬ್ಬಿಯ ಮೇಲೆ ಸದ್ದು ತಗ್ಗಿಸುವ ಅಳತೆಯಾಗಿ ಎನ್‌ಆರ್‌ಆರ್ 33 ಎಂದಿದ್ದರೆ 33 ಡೆಸಿಬಲ್ ತಗ್ಗುತ್ತದೆ ಎಂದು ಎಣಿಸಬೇಡಿ. ಅದರಲ್ಲಿ 7 ಕಳೆದು ಅರ್ಧ ಮಾಡಿದರೆ ವಾಸ್ತವಕ್ಕೆ ಹತ್ತಿರ, ಅಂದರೆ 13. 103ರ ಶೋ 90ಕ್ಕೆ ಇಳಿಯಿತು, ಏಳೂವರೆ ನಿಮಿಷದ ಜಾಗದಲ್ಲಿ ಎರಡೂವರೆ ಗಂಟೆ ಸಿಕ್ಕಿತು. ಇಡೀ ಶೋ ಆಯಿತಲ್ಲ. ಫೋಮಿನ ದೋಷವೆಂದರೆ ತಾರ ಸ್ವರಗಳನ್ನು ಹೆಚ್ಚು ನುಂಗುತ್ತದೆ, ಸಿಂಬಲ್ಲು, ಗಾಯಕರ ಅಕ್ಷರ ಎಲ್ಲ ಕಂಬಳಿ ಹೊದ್ದಂತೆ ಕೇಳುತ್ತವೆ. ಅದು ಬೇಡವಾದರೆ ಸಂಗೀತಗಾರರು ಬಳಸುವ, ಒಳಗೆ ಫಿಲ್ಟರ್ ಇರುವ ಸಿಲಿಕಾನ್ ಪ್ಲಗ್ ತೆಗೆದುಕೊಡಿ. ಎಲ್ಲ ಸ್ವರವನ್ನೂ ಸರಿಸುಮಾರು ಸಮನಾಗಿ 15ರಿಂದ 20 ಡೆಸಿಬಲ್ ತಗ್ಗಿಸುವಂಥವು ಸಿಗುತ್ತವೆ. ಹುಡುಗಿ ಅದನ್ನಾದರೆ ಖುಷಿಯಿಂದ ಹಾಕಿಯಾಳು.

ಶ್ರವಣ ಪರೀಕ್ಷೆ ಒಮ್ಮೆ ಮಾಡಿಸಿ, ಶೋ ಮುಗಿದು ಕನಿಷ್ಠ 48 ಗಂಟೆ ಕಳೆದ ಮೇಲೆ. 3000 ಮತ್ತು 6000 ಹರ್ಟ್ಸ್ ಕೂಡ ನೋಡಿ ಎಂದು ಕೇಳಿ, ಕೆಲವೆಡೆ ಬಿಟ್ಟುಬಿಡುತ್ತಾರೆ. ಸದ್ದಿನ ಏಟು ಮೊದಲು ಕಾಣುವುದು 4000ದ ಹತ್ತಿರದ ತಗ್ಗಾಗಿ. ಒಂದು ಮಾತು ಮರೆಯಬೇಡಿ: ಬೆಳಗ್ಗೆ ಎದ್ದಾಗ ಒಂದೇ ಕಿವಿ ಮುಚ್ಚಿಹೋದಂತಾಗಿ ಕೇಳದಿದ್ದರೆ ಅದು ಮೇಣವಿರಬೇಕು ಎಂದು ಎಣ್ಣೆ ಬಿಡುತ್ತ ಕೂರದೆ ಅಂದೇ ಇಎನ್‌ಟಿ ವೈದ್ಯರ ಹತ್ತಿರ ಹೋಗಿ. ಹಠಾತ್ ಕಿವುಡಿಗೆ ಕೊಡುವ ಸ್ಟಿರಾಯ್ಡ್ ಚಿಕಿತ್ಸೆ ಮೊದಲ ಕೆಲವು ದಿನಗಳಲ್ಲೇ ಆಗಬೇಕು.

ಪುಣೆಯ ಕೋಥ್ರೂಡ್‌ನಿಂದ: ದುಬಾರಿ ಟಿಕೆಟ್ ತೆಗೆದು ವೇದಿಕೆಗೆ ಅಂಟಿಕೊಂಡೇ ನಿಂತರೂ ಹಾಡುವವರ ದನಿ ಸರಿಯಾಗಿ ಕೇಳಲಿಲ್ಲ. ಹಿಂದೆ ನಿಂತ ಗೆಳೆಯ ಚೆನ್ನಾಗಿತ್ತು ಎನ್ನುತ್ತಾನೆ.

ಗೆಳೆಯ ಸರಿ. ಗಾಯಕರ ದನಿ ಬರುವ ಸ್ಪೀಕರ್‌ಗಳು ನಿಮ್ಮ ತಲೆಯ ಮೇಲಿಂದ ಹಾರಿ ಹಿಂದಿನವರಿಗೆ ಗುರಿಯಿಟ್ಟಿರುತ್ತವೆ. ಮುಂದಿನ ಸಾಲಿಗೆ ಸಿಗುವುದು ನೆಲದ ಮೇಲಿನ ಸಬ್‌ವೂಫರ್, ಡ್ರಮ್ಮಿನ ಸ್ವಂತ ಸದ್ದು ಮತ್ತು ವೇದಿಕೆಯಂಚಿನ ಸಣ್ಣ ಸ್ಪೀಕರ್‌ಗಳು. ಸೌಂಡ್ ಇಂಜಿನಿಯರ್ ಮಿಕ್ಸ್ ಮಾಡುವುದು ತಾವು ಕೂತಲ್ಲಿ ಕೇಳುವುದನ್ನು. ಮೈದಾನದ ನಡುವಿನ ಆ ಮಿಕ್ಸರ್ ಗುಡಾರದ ಮುಂದೆ, ಎರಡು ಹೆಜ್ಜೆ ಪಕ್ಕಕ್ಕೆ ನಿಲ್ಲಿ. ತೀರ ಹಿಂದೆ ಹೋಗಲೇಬೇಕಾದರೆ ಮಧ್ಯೆ ನಿಲ್ಲಿಸಿದ ಸ್ಪೀಕರ್ ಗೋಪುರವನ್ನು ದಾಟಿ ಅದರ ಹಿಂದಕ್ಕೆ ಹೋಗಿ. ಸದ್ದು 100 ಮೀಟರ್ ಬರಲು ಸುಮಾರು 0.3 ಸೆಕೆಂಡ್ ಬೇಕು, ಆ ಗೋಪುರಕ್ಕೆ ಅಷ್ಟೇ ತಡಮಾಡಿ ಸದ್ದು ಕೊಟ್ಟಿರುತ್ತಾರೆ. ಗೋಪುರದ ಪಕ್ಕಕ್ಕೋ ಅದಕ್ಕಿಂತ ವೇದಿಕೆಯ ಕಡೆಗೋ ನಿಂತರೆ ಎರಡೂ ಬೇರೆಬೇರೆಯಾಗಿ ಬಂದು ಹಾಡಿಗೆ ಪ್ರತಿಧ್ವನಿ ಕಟ್ಟುತ್ತದೆ.

ಪುಣೆಯ ಹಿಂಜವಡಿಯಿಂದ: ನಮ್ಮದು ಐದು ಜನರ ಕನ್ನಡ ರಾಕ್ ಬ್ಯಾಂಡ್. ಕೊರೊನಾದಲ್ಲಿ ಹಾಡುವವನು ಹುಬ್ಬಳ್ಳಿಗೆ ಹೋದವ ಅಲ್ಲೇ ಉಳಿದ, ಕೆಲಸವೂ ಮನೆಯಿಂದಲೇ. ವಿಡಿಯೋ ಕಾಲ್‌ನಲ್ಲಿ ಒಟ್ಟಿಗೆ ನುಡಿಸಲು ಹೋದರೆ ತಾಳ ಹಳ್ಳ ಹಿಡಿಯುತ್ತದೆ. ದಾರಿಯಿದೆಯೇ? ಇಲ್ಲಿ ತಾಲೀಮು ಮಾಡುವ ಜ್ಯಾಮ್ ರೂಮಿಗೆ ಹೋಗುವಾಗ ಮೈಕ್ ಎಲ್ಲರ ಬಾಯಿಗೂ ತಾಗಿದ್ದು ಎಂಬ ಅಳುಕೂ ಇದೆ.

ವೇದಿಕೆಯಲ್ಲಿ ಒಂದು ಮೀಟರಿಗೆ ಸದ್ದು ಸುಮಾರು 3 ಮಿಲಿಸೆಕೆಂಡ್ ತಡವಾಗುತ್ತದೆ. ಎಂಟು ಮೀಟರ್ ದೂರ ನಿಂತ ಡ್ರಮ್ಮರ್ ಮತ್ತು ಬಾಸಿಸ್ಟ್ ನಡುವೆ 24. ಒಟ್ಟಿಗೆ ನುಡಿಸುವವರಿಗೆ ತಾಳಿಕೊಳ್ಳಲಾಗುವುದು 25ರಿಂದ 30ರವರೆಗೆ. ವಿಡಿಯೋ ಕಾಲ್‌ನಲ್ಲಿ ಅದು ಸಲೀಸಾಗಿ 100 ದಾಟುತ್ತದೆ. ಪ್ರತಿಯೊಬ್ಬರೂ ಇನ್ನೊಬ್ಬರಿಗೆ ಕಾಯುತ್ತಾರೆ, ಹಾಡು ನಿಧಾನವಾಗುತ್ತ ಹೋಗುತ್ತದೆ. ಸಾಲದ್ದಕ್ಕೆ ಆ ಆ್ಯಪ್‌ಗಳು ಎಳೆದ ಗಿಟಾರ್ ಸ್ವರವನ್ನು ಫ್ಯಾನಿನ ಸದ್ದು ಎಂದು ಭಾವಿಸಿ ಅಳಿಸಿಬಿಡುತ್ತವೆ.

ಪುಣೆ ಹುಬ್ಬಳ್ಳಿ ದೂರ ನಿಜಕ್ಕೂ ತೊಡಕಲ್ಲ. ಫೈಬರಿನಲ್ಲಿ ಬೆಳಕು ಆ ನಾನೂರು ಚಿಲ್ಲರೆ ಕಿಲೋಮೀಟರನ್ನು ಎರಡು ಮಿಲಿಸೆಕೆಂಡಿನಲ್ಲಿ ದಾಟುತ್ತದೆ, ತಂತಿ ಮುಂಬಯಿಯನ್ನೋ ಬೆಂಗಳೂರನ್ನೋ ಸುತ್ತಿ ಬಂದರೂ ಹತ್ತರ ಆಸುಪಾಸು. ಹೊತ್ತು ತಿನ್ನುವುದು ಎರಡೂ ತುದಿಯ ಮನೆಗಳು. ದೂರದಿಂದ ಒಟ್ಟಿಗೆ ನುಡಿಸಲೆಂದೇ ಇರುವ ಜಾಮುಲಸ್ ಅಥವಾ ಸೋನೋಬಸ್ ಸಾಫ್ಟ್‌ವೇರ್ ಹಾಕಿಕೊಳ್ಳಿ, ಎರಡೂ ಉಚಿತ. ವೈಫೈ ಬಿಟ್ಟು ರೂಟರಿನಿಂದ ಲ್ಯಾನ್ ಕೇಬಲ್ ಎಳೆಯಿರಿ. ಮೈಕ್, ಗಿಟಾರನ್ನು ಕಂಪ್ಯೂಟರಿಗೆ ಜೋಡಿಸುವ ಆಡಿಯೋ ಇಂಟರ್‌ಫೇಸಿಗೆ ತಡ ತಗ್ಗಿಸುವ ಅದರದೇ ಎಎಸ್‌ಐಒ ಡ್ರೈವರ್ ಹಾಕಿ, ಬಫರ್ (ಕಂಪ್ಯೂಟರ್ ಒಮ್ಮೆಗೆ ಕೂಡಿಟ್ಟು ಕಳಿಸುವ ಸದ್ದಿನ ತುಣುಕು) 128 ಸ್ಯಾಂಪಲ್, 48 ಕಿಲೋಹರ್ಟ್ಸ್ ಇಡಿ. ಆಗ ಒಂದು ಬಫರ್ 2.7 ಮಿಲಿಸೆಕೆಂಡ್ ಮಾತ್ರ. ಸದ್ದು ಚಟಪಟ ಎಂದು ಹರಿದರೆ 256ಕ್ಕೆ ಏರಿಸಿ. ಬ್ಲೂಟೂತ್ ಹೆಡ್‌ಫೋನ್ ಹಾಕಿದಿರೋ ಇಷ್ಟೆಲ್ಲ ಮಾಡಿದ್ದು ದಂಡ, ಅದೊಂದೇ ನೂರಕ್ಕೂ ಹೆಚ್ಚು ಮಿಲಿಸೆಕೆಂಡ್ ಸೇರಿಸುತ್ತದೆ. ಗಾಯಕರ ಕಡೆಯಿಂದ ಡ್ರಮ್ಮರಿಗೆ ಕೇಳುವುದು ತಡವಾದರೂ ಪರವಾಗಿಲ್ಲ, ಡ್ರಮ್ಮರ್ ಯಾರಿಗೂ ಕಾಯಬಾರದು. ಇದೊಂದು ಕಟ್ಟುನಿಟ್ಟು ಇಲ್ಲದಿದ್ದರೆ ಯಾವ ಸಾಫ್ಟ್‌ವೇರೂ ಉಳಿಸದು.

ಮೈಕಿನ ವಿಚಾರ. ಹೆಚ್ಚಿನ ವೋಕಲ್ ಮೈಕ್‌ಗಳ ಜಾಲರಿ ತಿರುಗಿಸಿದರೆ ಬಿಚ್ಚಿಕೊಳ್ಳುತ್ತದೆ. ಜಾಲರಿಯನ್ನೂ ಒಳಗಿನ ಸ್ಪಂಜನ್ನೂ ಸಾಬೂನು ನೀರಿನಲ್ಲಿ ತೊಳೆದು, ಪೂರ್ತಿ ಒಣಗಿಸಿ ಹಾಕಬೇಕು. ಒದ್ದೆಯಿದ್ದಾಗ ಹಾಕಿದರೆ ತೇವ ಒಳಗಿನ ಕ್ಯಾಪ್ಸೂಲಿಗೆ ಇಳಿಯುತ್ತದೆ. ಜಾಲರಿಯಿರುವಾಗಲೇ ಸ್ಯಾನಿಟೈಸರ್ ಸಿಂಪಡಿಸುವ ಅಭ್ಯಾಸ ಕೊರೊನಾದಲ್ಲಿ ಶುರುವಾಯಿತು, ದನಿ ಮಂದವಾದ ಮೈಕುಗಳೆಷ್ಟೋ ಅದರ ಫಲ. ಸುಲಭದ ದಾರಿ, ಗಾಯಕರು ಬಂದಾಗ ಸ್ವಂತ ಮೈಕ್ ತರುವುದು. ಅದಕ್ಕಿಂತ ಮುಖ್ಯ, ಜ್ಯಾಮ್ ರೂಮ್ ಎಂದರೆ ಸದ್ದು ಹೊರಹೋಗದಂತೆ ಎಲ್ಲ ಸಂದನ್ನೂ ಮುಚ್ಚಿದ ಡಬ್ಬಿ. ಸದ್ದು ಹೋಗದಲ್ಲಿ ಗಾಳಿಯೂ ಹೋಗದು. 45 ನಿಮಿಷಕ್ಕೊಮ್ಮೆ ಎರಡು ಬಾಗಿಲನ್ನೂ ತೆರೆದು ಹತ್ತು ನಿಮಿಷ ಎಲ್ಲರೂ ಹೊರಗೆ ಚಹಾ ಕುಡಿಯಿರಿ. ಕಿವಿಗೂ ಅದೇ ಬಿಡುವು.

ಗೋವಾದ ವಾಸ್ಕೋದಿಂದ: 2020ರ ಮಾರ್ಚಿನಲ್ಲಿ ಮುಚ್ಚಿಟ್ಟ ಎಲೆಕ್ಟ್ರಿಕ್ ಗಿಟಾರ್, ಪೆಡಲ್‌ಗಳು, ಸದ್ದು ಹಿಗ್ಗಿಸುವ ವಾಲ್ವ್ ಆ್ಯಂಪ್ ಹಾಗೇ ಇವೆ. ಮತ್ತೆ ನುಡಿಸುವ ಮನಸ್ಸಾಗಿದೆ. ಪ್ಲಗ್ ಹಾಕಿ ಶುರುಮಾಡಲೇ?

ಗಿಟಾರಿಗೆ ಕೈ ಹಾಕಿ, ಆ್ಯಂಪಿನ ಪ್ಲಗ್ ಮಾತ್ರ ಈಗಲೇ ಬೇಡ.

ಗಿಟಾರಿನ ಪೆಟ್ಟಿಗೆಯನ್ನು ನೆರಳಲ್ಲಿ ತೆರೆದು ಒಂದು ದಿನ ಹಾಗೇ ಬಿಡಿ, ಬೂಷ್ಟು ಹೋಗಲೆಂದು ಬಿಸಿಲಿಗೆ ಇಟ್ಟರೆ ಬಣ್ಣ ಬಿರಿಯುತ್ತದೆ, ಮರ ಸೊಟ್ಟಗಾಗುತ್ತದೆ. ತಂತಿಗಳನ್ನು ಸಡಿಲಿಸಿದ ಮೇಲೆಯೇ ಕತ್ತರಿಸಿ. ಕತ್ತಿನ ಮೇಲಿನ ಲೋಹದ ಅಡ್ಡಪಟ್ಟಿಗಳು, ಅಂದರೆ ಫ್ರೆಟ್ಟುಗಳು, ಹಸಿರುಗಟ್ಟಿದ್ದರೆ ಅತಿ ನುಣುಪಾದ 0000 ನಂಬರಿನ ಸ್ಟೀಲ್ ವುಲ್‌ನಿಂದ ಉಜ್ಜಿ, ಆದರೆ ಮೊದಲು ತಂತಿಯ ಕಂಪನ ಹಿಡಿಯುವ ಪಿಕಪ್ಪುಗಳನ್ನು ಟೇಪಿನಿಂದ ಮುಚ್ಚಿ. ಕಬ್ಬಿಣದ ಪುಡಿ ಅವುಗಳ ಆಯಸ್ಕಾಂತಕ್ಕೆ ಅಂಟಿದರೆ ಬಿಡುವುದಿಲ್ಲ. ಬೆರಳಿಡುವ ಹಲಗೆ ರೋಸ್‌ವುಡ್ ಆದರೆ ನಾಲ್ಕು ಹನಿ ಲೆಮನ್ ಆಯಿಲ್ ಒರೆಸಿ, ಹೊಳಪು ಬಳಿದ ಮೇಪಲ್ ಆದರೆ ಬೇಡ. ಹೊಸ ತಂತಿ ಹಾಕಿ ಶ್ರುತಿಗೆ ತಂದು ಒಂದು ರಾತ್ರಿ ಬಿಟ್ಟು ಕತ್ತಿನ ಬಾಗು ನೋಡಿ. ಮೊದಲ ಫ್ರೆಟ್ಟಿಗೆ ಕೇಪೋ (ತಂತಿಗಳನ್ನು ಒತ್ತಿಹಿಡಿಯುವ ಕ್ಲಿಪ್) ಹಾಕಿ, ಕತ್ತು ಮೈಗೆ ಸೇರುವಲ್ಲಿ ದಪ್ಪ ತಂತಿಯನ್ನು ಒತ್ತಿದಾಗ ಏಳೆಂಟನೇ ಫ್ರೆಟ್ಟಿನ ಮೇಲೆ ಒಂದು ವಿಸಿಟಿಂಗ್ ಕಾರ್ಡ್ ತೂರುವಷ್ಟು, ಅಂದರೆ 0.2ರಿಂದ 0.3 ಮಿಲಿಮೀಟರ್ ಸಂದಿರಬೇಕು. ಹೆಚ್ಚಿದ್ದರೆ ಕತ್ತಿನೊಳಗಿನ ಬಾಗು ತಿದ್ದುವ ಕಂಬಿ, ಅಂದರೆ ಟ್ರಸ್ ರಾಡನ್ನು, ಗಡಿಯಾರದ ದಿಕ್ಕಿನಲ್ಲಿ ಕಾಲು ಸುತ್ತು ತಿರುಗಿಸಿ, ಮತ್ತೆ ಒಂದು ರಾತ್ರಿ ಕಾಯಿರಿ. ಗಟ್ಟಿಯಾಗಿ ನಿಂತಿದ್ದರೆ ಬಲ ಹಾಕಬೇಡಿ, ತುಂಡಾದರೆ ಕತ್ತೇ ಹೋಯಿತು.

ಪೆಡಲ್‌ಗಳಲ್ಲಿ 9 ವೋಲ್ಟಿನ ಬ್ಯಾಟರಿ ಬಿಟ್ಟಿದ್ದೀರೋ ನೋಡಿ. ಬಿಳಿ ಅಥವಾ ಹಸಿರು ಹುಡಿ ಕಂಡರೆ ಸೋರಿದೆ. ಆಲ್ಕಲೈನ್ ಬ್ಯಾಟರಿಯದು ಕ್ಷಾರ, ಹತ್ತಿಕಡ್ಡಿಗೆ ವಿನೆಗರ್ ಅದ್ದಿ ಒರೆಸಿ, ಆಮೇಲೆ ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ತೊಳೆಯಿರಿ. ವಾಲ್ಯೂಮ್ ತಿರುಗಿಸಿದರೆ ಕರಕರ ಎಂದರೆ ಪೊಟೆನ್ಷಿಯೋಮೀಟರಿಗೆ ಕಾಂಟ್ಯಾಕ್ಟ್ ಕ್ಲೀನರ್ ಒಂದು ಚಿಟಿಕೆ ಸಿಂಪಡಿಸಿ ಇಪ್ಪತ್ತು ಮೂವತ್ತು ಸಲ ಆಚೀಚೆ ತಿರುಗಿಸಿ. ತುಕ್ಕು ಬಿಡಿಸುವ ಸ್ಪ್ರೇ ಅಲ್ಲಿಗೆ ಆಗದು. ಇನ್ನುಮುಂದೆ ಪೆಟ್ಟಿಗೆಯಲ್ಲಿ ತೇವಾಂಶ 45ರಿಂದ 55 ಪ್ರತಿಶತದೊಳಗೆ ಇರಲಿ. 100 ಗ್ರಾಂ ಸಿಲಿಕಾ ಜೆಲ್ ಇಡಿ, ಕಿತ್ತಳೆ ಬಣ್ಣದ್ದು ಒಳ್ಳೆಯದು, ನೀಲಿಯದರಲ್ಲಿ ಕೋಬಾಲ್ಟ್ ಇರುತ್ತದೆ. ಬಣ್ಣ ಬದಲಾದಾಗ 120 ಡಿಗ್ರಿಯ ಆಸುಪಾಸಿನಲ್ಲಿ ಒಣಗಿಸಿದರೆ ಮತ್ತೆ ಬಳಕೆಗೆ ಬರುತ್ತದೆ, ಅಡುಗೆಯ ಬಾಣಲೆಯಲ್ಲಿ ಮಾತ್ರ ಬೇಡ. ಗೋವಾದ ಮಳೆಗಾಲದಲ್ಲಿ ತಿಂಗಳಿಗೊಮ್ಮೆಯಾದರೂ ಈ ಕೆಲಸ ಬೀಳುತ್ತದೆ.

ಆ್ಯಂಪಿನಲ್ಲಿ ಎಲೆಕ್ಟ್ರೊಲಿಟಿಕ್ ಕೆಪಾಸಿಟರ್‌ಗಳಿವೆ. ವರ್ಷಗಟ್ಟಲೆ ವಿದ್ಯುತ್ ಕಾಣದಿದ್ದರೆ ಅವುಗಳೊಳಗಿನ ತೆಳುಪದರ ಸವೆಯುತ್ತದೆ. ಏಕಾಏಕಿ 230 ವೋಲ್ಟ್ ಕೊಟ್ಟರೆ ಕರೆಂಟ್ ಸೋರಿ ಬಿಸಿಯಾಗಿ ಒಡೆಯಬಹುದು, ಜೊತೆಗೆ ಟ್ರಾನ್ಸ್‌ಫಾರ್ಮರ್ ಸುಡಬಹುದು. ವಾಲ್ವ್ ಆ್ಯಂಪ್ ಬಲ್ಲ ರಿಪೇರಿಯವರು ವೇರಿಯಾಕ್ ಇಟ್ಟು ವೋಲ್ಟೇಜನ್ನು ಗಂಟೆಗಟ್ಟಲೆ ಮೆಲ್ಲಮೆಲ್ಲಗೆ ಏರಿಸುತ್ತಾರೆ, ಉಬ್ಬಿದ ಕೆಪಾಸಿಟರ್ ಕಂಡರೆ ಬದಲಿಸುತ್ತಾರೆ. ನೀವೇ ಹಿಂಬದಿ ಬಿಚ್ಚಿ ನೋಡಲು ಹೋಗಬೇಡಿ. ಪ್ಲಗ್ ಕಿತ್ತ ಮೇಲೂ ಒಳಗೆ 400 ವೋಲ್ಟ್ ಉಳಿದಿರಬಹುದು. ರಿಪೇರಿಯಾಗಿ ಬಂದ ಮೇಲೆ ಮೊದಲು ಸ್ಪೀಕರ್ ಕೇಬಲ್ ಸಿಕ್ಕಿಸಿ, ಆಮೇಲೆ ಪವರ್ ಹಾಕಿ, ವಾಲ್ವ್‌ಗಳು ಕೆಂಪೇರಲು ಎರಡು ನಿಮಿಷ ಬಿಟ್ಟು ಸ್ಟ್ಯಾಂಡ್‌ಬೈ ತೆಗೆಯಿರಿ. ಸ್ಪೀಕರ್ ಇಲ್ಲದೆ ನುಡಿಸಿದರೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಕೈಕೊಡಬಹುದು, ಅದರ ಜೋಡಿ ಗೋವಾದಲ್ಲಿ ಹುಡುಕುವಷ್ಟರಲ್ಲಿ ಇನ್ನೊಂದು ಮಳೆಗಾಲ ಬಂದಿರುತ್ತದೆ.